ಎಡಬದಿಯ ಒಂಬತ್ತು ಸೆಕೆಂಡು

ನಾನು ಹೊಟ್ಟೆಕಿಚ್ಚಿನ ಮನುಷ್ಯ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವ ಮೊದಲು ನಾನೇ ಹೇಳಿಬಿಡುತ್ತೇನೆ. ಪಕ್ಕದ ಮನೆಯ ನಿಂಬೆಗಿಡ ನಮ್ಮದಕ್ಕಿಂತ ಹೆಚ್ಚು ಕಾಯಿ ಬಿಟ್ಟರೆ ನನಗೆ ಊಟ ರುಚಿಸುವುದಿಲ್ಲ. ಹಲ್ಲಿನ ಡಾಕ್ಟರು ನನ್ನ ಹೆಂಡತಿಯನ್ನು ನಗಿಸಿದನೆಂದು ಡಾಕ್ಟರನ್ನೇ ಬದಲಾಯಿಸಿದವನು ನಾನು. ಹೊಸ ಡಾಕ್ಟರು ಹೆಂಗಸು. ಅವಳೂ ನಗಿಸುತ್ತಾಳೆ, ಏನು ಮಾಡುವುದು.

ಹೆಸರು ಗಸ್ ಮಂದಾಕಿಸ್. ಬರ್ಬ್ಯಾಂಕ್‌ನಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಕೂತು ಮೂವತ್ತು ವರ್ಷಗಳಿಂದ ಹಳೆಯ ಸಿನಿಮಾಗಳ ಬಣ್ಣ ಸರಿಮಾಡುತ್ತಿದ್ದೇನೆ. ಕಾಲ ಕಳೆದಂತೆ ಫಿಲ್ಮಿನ ನೀಲಿ ಓಡಿಹೋಗುತ್ತದೆ, ಹಸಿರು ಓಡಿಹೋಗುತ್ತದೆ, ಕೊನೆಗೆ ಉಳಿಯುವುದು ಕೆಮ್ಮಿನ ಔಷಧಿಯಂಥ ಒಂದು ಗುಲಾಬಿ. ಓಡಿಹೋದವರನ್ನು ಕರೆತಂದು ಅವರವರ ಜಾಗದಲ್ಲಿ ಕೂರಿಸುವುದು ನನ್ನ ಕೆಲಸ. ಈ ಕೆಲಸಕ್ಕೆ ಒಂದೇ ನಿಯಮ: ಇದ್ದದ್ದನ್ನು ತೆಗೆಯಬಾರದು, ಇಲ್ಲದ್ದನ್ನು ಸೇರಿಸಬಾರದು. ಕೆಲಸ ಕಲಿಯಲು ಬಂದವರಿಗೆಲ್ಲ ಇದನ್ನು ನಾನು ಎಷ್ಟು ಸಲ ಕೊರೆದಿದ್ದೇನೆಂದರೆ, ನಾನು ಬಾಯಿ ತೆರೆಯುವ ಮೊದಲೇ ಅವರು ಒಪ್ಪಿಸಿಬಿಡುತ್ತಾರೆ.

ಎರಡು ಸಾವಿರದ ಹತ್ತೊಂಬತ್ತರ ವಸಂತದಲ್ಲಿ ನಮ್ಮ ಆಫೀಸಿಗೆ 'ಮೂನ್‌ಲೈಟ್ ಲಾಂಡ್ರಿ' ಬಂತು. ಎಪ್ಪತ್ತೆಂಟರ ಹಾಡು-ಕುಣಿತದ ಸಿನಿಮಾ. ಒಂದು ಹಳೆಯ ಲಾಂಡ್ರಿ. ಹುಣ್ಣಿಮೆ ಬಂದರೆ ಅಲ್ಲಿ ಒಗೆಯಲು ಹಾಕಿದ ಬಟ್ಟೆಗಳು ಜೀವ ತಳೆದು ಕುಣಿಯುತ್ತವೆ. ಇಷ್ಟೇ ಕಥೆ. ಬಿಡುಗಡೆಯಾದಾಗ ಒಂದು ವಾರವೂ ಓಡಲಿಲ್ಲ, ಪತ್ರಿಕೆಗಳು ಉಗಿದವು. ಆಮೇಲೆ ಎಂಬತ್ತನಾಲ್ಕರಲ್ಲಿ ವಿಡಿಯೋ ಟೇಪು ಬಂದಿದ್ದೇ ತಡ, ದೇಶದ ತಲೆಕೆಟ್ಟ ಮಕ್ಕಳೆಲ್ಲ ಅದಕ್ಕೆ ಅಂಟಿಕೊಂಡರು. ಈಗಲೂ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಗ್ಲೆಂಡೇಲ್‌ನ ಹಳೆಯ ಚಿತ್ರಮಂದಿರದಲ್ಲಿ ಸವೆದ ಪ್ರಿಂಟ್ ಒಂದನ್ನು ಹಾಕುತ್ತಾರೆ. ಜನ ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಬರುತ್ತಾರೆ, ಎಲ್ಲ ಹಾಡನ್ನೂ ತಾವೇ ಹಾಡುತ್ತಾರೆ, ಕೊನೆಯ ಹಾಡಿಗೆ ಚೀಲ ಬಿಚ್ಚಿ ಪರದೆಗೆ ಎಸೆಯುತ್ತಾರೆ. ಒಗೆದ ಚೀಲ ತರಬೇಕೆಂಬ ನಿಯಮವಿದೆ ಎನ್ನುತ್ತಾರೆ. ಮೂಗಿಗೆ ಹಾಗೇನೂ ಅನಿಸುವುದಿಲ್ಲ.

ಆ ಸಿನಿಮಾದಲ್ಲಿ ನನ್ನ ಹೆಂಡತಿ ಡೋರೀನ್ ಇದ್ದಾಳೆ.

ಆಗ ಅವಳಿಗೆ ಇಪ್ಪತ್ತೊಂದು. ಹನ್ನೆರಡು ಮಂದಿ ಹುಡುಗಿಯರು ಮೈತುಂಬ ಬೆಡ್‌ಶೀಟ್ ಹೊದ್ದು ಕುಣಿಯುತ್ತಾರಲ್ಲ, ಅವರಲ್ಲಿ ಒಬ್ಬಳು. ಇಡೀ ಸಿನಿಮಾದಲ್ಲಿ ಮುಖ ಕಾಣುವುದಿಲ್ಲ. ಕೊನೆಯ ಹಾಡಿನ ಕೊನೆಗೆ ಮಾತ್ರ ಗಾಳಿ ಬೀಸಿ ಶೀಟುಗಳು ಹಾರಿಹೋಗಿ, ಒಂಬತ್ತು ಸೆಕೆಂಡು ಎಲ್ಲರ ಮುಖ ಕಾಣುತ್ತದೆ. ಮಧ್ಯದಲ್ಲಿ ನಾಯಕ, ನಾಯಕಿ. ಎಡಗಡೆ ತೀರ ಅಂಚಿನಲ್ಲಿ ಡೋರೀನ್. ಅದಾದ ಮರುವರ್ಷ ಮಂಡಿ ಕೈಕೊಟ್ಟು ಅವಳು ಕುಣಿಯುವುದನ್ನು ಬಿಟ್ಟಳು, ನಾನಿದ್ದ ಲ್ಯಾಬಿನ ಮುಂದಿನ ಮೇಜಿಗೆ ಕೆಲಸಕ್ಕೆ ಬಂದಳು, ನನ್ನ ಕೈಗೆ ಸಿಕ್ಕಳು. ಮದುವೆಯಾಗಿ ಮೂವತ್ತೆಂಟು ವರ್ಷ.

ಟೇಪು ಬಂದ ದಿನ ಅವಳು ಅಪ್ಪ ಅಮ್ಮ, ಅಕ್ಕಪಕ್ಕದವರನ್ನೆಲ್ಲ ಕರೆದು, ದೊಡ್ಡ ಪಾತ್ರೆಯಲ್ಲಿ ಪಾಪ್‌ಕಾರ್ನ್ ಹುರಿದು, ಟೀವಿಯ ಮುಂದೆ ಕೂರಿಸಿದಳು. ಆ ಕಾಲದ ಟೀವಿ ಚೌಕ, ಸಿನಿಮಾದ ಪರದೆ ಅಗಲ. ಟೇಪು ಮಾಡಿದವರು ಎರಡೂ ಬದಿ ಕತ್ತರಿಸಿ ಮಧ್ಯದ್ದನ್ನು ಮಾತ್ರ ಉಳಿಸಿದ್ದರು. ಒಂಬತ್ತು ಸೆಕೆಂಡು ಬಂತು, ಹೋಯಿತು, ಡೋರೀನ್ ಬರಲಿಲ್ಲ. ಅವಳಪ್ಪ "ಎಲ್ಲಮ್ಮಾ ನೀನು?" ಎಂದು ಕೇಳಿದರು. ಇವಳು ಟೀವಿಯ ಪಕ್ಕದ ಗೋಡೆ ತೋರಿಸಿ, "ಇಲ್ಲೆಲ್ಲೋ ಇದೀನಪ್ಪ" ಎಂದು ನಕ್ಕಳು. ಆ ನಗು ನಂಬುವಂಥದ್ದಾಗಿರಲಿಲ್ಲ. ಚಿತ್ರಮಂದಿರದ ಪ್ರಿಂಟಿನಲ್ಲೋ, ಆ ಅಂಚು ಗುಲಾಬಿ ಕೆಸರಾಗಿಹೋಗಿತ್ತು. ಒಟ್ಟಿನಲ್ಲಿ, ಬಿಡುಗಡೆಯ ಆ ವಾರ ನೋಡಿದ ನಾಲ್ಕು ಜನರನ್ನು ಬಿಟ್ಟರೆ, ಈ ಭೂಮಿಯ ಮೇಲೆ ಯಾರೂ ನನ್ನ ಹೆಂಡತಿಯನ್ನು ಆ ಸಿನಿಮಾದಲ್ಲಿ ಕಂಡದ್ದಿಲ್ಲ.

ಹಾಗಾಗಿ ಈಗ ಸಿನಿಮಾವನ್ನು ಡಿಸ್ಕಿನಲ್ಲಿ ಹೊರತರುತ್ತಾರೆ, ಮೂಲ ನೆಗೆಟಿವ್ ಸಿಕ್ಕಿದೆ, ಪೂರ್ತಿ ಅಗಲದಲ್ಲಿ ಬರುತ್ತದೆ, ಬಣ್ಣದ ಕೆಲಸ ನನ್ನದೇ ಎಂದು ಹೇಳಿದ ದಿನ ಅವಳು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೇಬಿಟ್ಟಳು, ಆ ಮಂಡಿಯಲ್ಲಿ.

"ಗಸ್, ಚೆನ್ನಾಗಿ ಮಾಡ್ತೀಯ ತಾನೇ?"

"ನಾನು ಯಾವತ್ತು ಕೆಟ್ಟದಾಗಿ ಮಾಡಿದೀನಿ?"

"ಹಂಗಲ್ಲ ಕಣೋ. ನಂದು ಒಂಬತ್ತೇ ಸೆಕೆಂಡು. ನೀನು ಸೀನಿದ್ರೂ ಮುಗ್ದೋಗುತ್ತೆ."

ನೆಗೆಟಿವ್ ಸ್ಕ್ಯಾನ್ ಆಗಿ ನನ್ನ ಪರದೆಗೆ ಬಂದದ್ದು ಏಪ್ರಿಲ್‌ನಲ್ಲಿ. ಡಿಸ್ಕಿನ ಪೂರ್ತಿ ಹೊಣೆ ಹೊತ್ತವಳು ಟ್ರೂಡಿ ಎಂಬ ನಲವತ್ತೊಂದರ ಹೆಂಗಸು. ಟೇಪು ನೋಡಿಕೊಂಡೇ ಬೆಳೆದವಳು, ಆಫೀಸಿಗೂ ಬೇರೆಬೇರೆ ಬಣ್ಣದ ಕಾಲುಚೀಲ ಹಾಕಿಕೊಂಡೇ ಬರುವವಳು. ಮೂಲ ಹೇಗಿದೆ ನೋಡೋಣವೆಂದು ಅವಳೂ ಕೂತಳು. ಮೊದಲ ದೃಶ್ಯದಲ್ಲೇ ಅವಳ ಕಣ್ಣಲ್ಲಿ ನೀರು. "ಗೋಡೆ ಹಸಿರಾ? ಇಷ್ಟು ವರ್ಷ ಕಂದು ಅಂದ್ಕೊಂಡಿದ್ದೆ" ಎಂದು ಮೂಗೊರೆಸಿಕೊಂಡು ಹೋದಳು. ನಾನು ಒಬ್ಬನೇ ಉಳಿದಾಗ ನೇರವಾಗಿ ಕೊನೆಯ ಹಾಡಿಗೆ ಹೋದೆ.

ಗಾಳಿ ಬೀಸಿತು. ಶೀಟು ಹಾರಿತು. ಎಡ ಅಂಚಿನಲ್ಲಿ ಡೋರೀನ್. ಕೆನ್ನೆಯ ಮೇಲೆ ಫಿಲ್ಮಿಗೆ ಹಿಡಿದ ಬೂಷ್ಟಿನ ಒಂದು ಕಲೆ, ಅದು ಬಿಟ್ಟರೆ ನಿನ್ನೆ ತೆಗೆದಂತಿತ್ತು. ಮೂಗಿನ ಮೇಲಿನ ಬೆವರೂ ಕಾಣುತ್ತಿತ್ತು. ಇಷ್ಟು ಚೆಂದದ ಹುಡುಗಿ ನನ್ನಂಥವನಿಗೆ ಹೇಗೆ ಒಲಿದಳಪ್ಪ ಎಂದು ಹೆಮ್ಮೆಪಡುತ್ತ ಇನ್ನೊಂದು ಸಲ ಹಾಕಿದೆ. ಎರಡನೆಯ ಸಲಕ್ಕೆ ಎರಡು ಬೆರಳು ಕಂಡವು.

ನಾಯಕ ರೋರಿ ವ್ಯಾಲಂಟ್ ನಾಯಕಿಯ ಸೊಂಟ ಬಳಸಿ ನಿಂತಿದ್ದಾನೆ. ಟೇಪಿನಲ್ಲಿ ಅವನ ತೋಳು ಮೊಣಕೈವರೆಗೆ ಮಾತ್ರ ಇತ್ತು. ಈಗ ಕೈ ಪೂರ್ತಿ ಇದೆ. ನಾಯಕಿಯ ಬೆನ್ನ ಹಿಂದಿನಿಂದ ಆ ಕೈ ಹೊರಗೆ ಬಂದು ಎರಡು ಬೆರಳನ್ನು ಕುಣಿಸುತ್ತದೆ, ಎಡಗಡೆಗೆ. ಅಂದರೆ ನನ್ನ ಹೆಂಡತಿಯ ಕಡೆಗೆ. ಅವಳು ಅದನ್ನು ನೋಡುತ್ತಾಳೆ, ನಗು ಬಂದು ತುಟಿ ಕಚ್ಚುತ್ತಾಳೆ. ಆಮೇಲೆ ನಗು ಇಳಿಯುತ್ತದೆ. ಉಳಿದ ಮೂರು ಸೆಕೆಂಡು ಅವಳು ಅವನ ಮುಖವನ್ನೇ ನೋಡುತ್ತಾಳೆ. ಆ ನೋಟವನ್ನು ವಿವರಿಸಲು ನನಗೆ ಮನಸ್ಸಿಲ್ಲ. ನನ್ನನ್ನು ಅವಳು ಯಾವತ್ತೂ ಹಾಗೆ ನೋಡಿಲ್ಲ, ಅಷ್ಟು ಸಾಕು.

ಬೆರಳಿನ ವಿಷಯ ಹೇಳಬೇಕು. ಮದುವೆಗೆ ಮೊದಲು ನನ್ನ ತಂಗಿಯ ಮನೆಯಲ್ಲಿ ಊಟ. ತಂಗಿಯ ಗಂಡ ದೋಣಿ ಕೊಳ್ಳುವುದು ಹೇಗೆಂದು ಎರಡು ಗಂಟೆಯಿಂದ ಕೊರೆಯುತ್ತಿದ್ದ. ಡೋರೀನ್ ಬೆನ್ನ ಹಿಂದೆ ಕೈ ಇಟ್ಟು ನನಗೆ ಮಾತ್ರ ಕಾಣುವಂತೆ ಎರಡು ಬೆರಳು ಕುಣಿಸಿದಳು. ಸಾಕು, ಹೊರಡೋಣ ಎಂದು ಅರ್ಥ. ಅವತ್ತಿನಿಂದ ಇವತ್ತಿನವರೆಗೆ ಮದುವೆ, ತಿಥಿ, ಪಾರ್ಟಿ, ಚರ್ಚು, ಎಲ್ಲೆಡೆ ಅದೇ ನಮ್ಮ ಭಾಷೆ. ಪ್ರಪಂಚದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿರುವ ಭಾಷೆ ಎಂದು ನಾನು ನಂಬಿದ್ದೆ. ಅದು ಇನ್ನೊಬ್ಬನ ಮನೆಯಿಂದ ತಂದ ಸಾಮಾನು ಎಂದು ಗೊತ್ತಾಗಿದ್ದು ಅವತ್ತು, ಆ ಕೋಣೆಯಲ್ಲಿ. ತಂದಿದ್ದ ಸ್ಯಾಂಡ್‌ವಿಚ್ಚನ್ನು ಹಾಗೇ ಮಡಚಿ ಕಸದ ಬುಟ್ಟಿಗೆ ಹಾಕಿದೆ.

ಮನೆಗೆ ಹೋಗಿ ಏನೂ ಗೊತ್ತಿಲ್ಲದವನಂತೆ ಕೇಳಿದೆ. "ಆ ರೋರಿ ಹೆಂಗಿದ್ದ ಆಗ?"

"ಯಾವ ರೋರಿ?" ಅವಳು ಬಟಾಣಿ ಸುಲಿಯುತ್ತಿದ್ದಳು.

"ಅದೇ, ಮೂನ್‌ಲೈಟ್ ಲಾಂಡ್ರಿ ರೋರಿ."

"ಅಯ್ಯೋ, ಅವನಾ? ಅವನ ಹತ್ರ ನಾನೆಲ್ಲಿ ಮಾತಾಡಿದೆ? ಅವನು ಸ್ಟಾರು, ನಾವು ಬೆಡ್‌ಶೀಟು." ತಲೆ ಎತ್ತಲಿಲ್ಲ. ಸುಲಿದ ಬಟಾಣಿಯನ್ನು ಸಿಪ್ಪೆಯ ಬಟ್ಟಲಿಗೆ ಹಾಕಿದಳು, ಸಿಪ್ಪೆಯನ್ನು ಬಟಾಣಿ ಬಟ್ಟಲಿಗೆ.

ಅಷ್ಟೇ ಸಾಕಾಯಿತು ನನಗೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದೆ. ನನ್ನ ಯಂತ್ರದಲ್ಲಿ ಒಂದು ಸೌಲಭ್ಯವಿದೆ. ಚಿತ್ರದ ಯಾವ ಮೂಲೆಗೆ ಬೇಕಾದರೂ ಗೆರೆ ಹಾಕಿಕೊಂಡು ಅಷ್ಟನ್ನೇ ಕಪ್ಪಾಗಿಸಬಹುದು, ಅಂಚನ್ನು ಎಲ್ಲಿ ಶುರುವಾಯಿತೆಂದೇ ಗೊತ್ತಾಗದಂತೆ ಕರಗಿಸಬಹುದು. ನಾನು ಎಡಗಡೆಯ ಮೂರನೇ ಒಂದು ಭಾಗವನ್ನು ಕತ್ತಲಿಗೆ ತಳ್ಳಿದೆ. ಬೆರಳು ಹೋದವು, ತುಟಿ ಹೋಯಿತು, ಆ ನೋಟ ಹೋಯಿತು. ಜೊತೆಗೆ ಪಾಪ, ಡೋರೀನ್ ಪಕ್ಕದ ಮೂವರು ಹುಡುಗಿಯರೂ ಹೋದರು. ಪ್ರತಿಯೊಂದು ಬದಲಾವಣೆಗೂ ಕಾರಣ ಬರೆದಿಡುವುದು ನಮ್ಮಲ್ಲಿ ಕಡ್ಡಾಯ. 'ಚಿತ್ರಮಂದಿರದ ಪ್ರಿಂಟಿನಲ್ಲಿ ಇದ್ದಂತೆ' ಎಂದು ಬರೆದೆ. ಪ್ರಿಂಟಿನಲ್ಲಿ ಅಲ್ಲಿ ಕೆಸರಿದ್ದದ್ದು ನಿಜವೇ ತಾನೆ. ಅದು ಫಿಲ್ಮಿಗೆ ವಯಸ್ಸಾದ ಕೆಸರು, ಯಾರೂ ಬೇಕೆಂದು ಮಾಡಿದ್ದಲ್ಲ ಎಂಬುದು ನನಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

ನಿರ್ದೇಶಕ ಸತ್ತಿದ್ದ, ಕ್ಯಾಮೆರಾದವನೂ ಸತ್ತಿದ್ದ. ಹಾಗಾದಾಗ ಬದುಕಿರುವ ಯಾರಾದರೊಬ್ಬರು ಕೂತು ನೋಡಿ, ಇದು ಸರಿ ಎಂದು ಸಹಿ ಹಾಕಬೇಕು. ದೊಡ್ಡ ಹೆಸರಿನವರಲ್ಲಿ ಉಳಿದಿದ್ದವನು ರೋರಿ ವ್ಯಾಲಂಟ್ ಒಬ್ಬನೇ. ಜೂನ್‌ನಲ್ಲಿ ಬಂದ. ಎಪ್ಪತ್ತನಾಲ್ಕು ವಯಸ್ಸು, ಕೈಯಲ್ಲಿ ಕೋಲು, ತಲೆಯ ಮೇಲೆ ಯಾರದ್ದೋ ಕೂದಲು.

"ಗಸ್ ಅಂದ್ರೆ ನೀನೇನಪ್ಪಾ? ಭಾರಿ ಕೈಚಳಕ ಅಂತೆ ನಿಂದು" ಎಂದು ಸೋಫಾದಲ್ಲಿ ಕುಸಿದ. ಸಿನಿಮಾ ಪೂರ್ತಿ ನೋಡಿದ. ಅಂದರೆ, ತನ್ನನ್ನು ಪೂರ್ತಿ ನೋಡಿಕೊಂಡ. ತಾನು ಇಲ್ಲದ ದೃಶ್ಯ ಬಂದರೆ ಫೋನ್ ತೆಗೆಯುತ್ತಿದ್ದ. ಕೊನೆಯ ಹಾಡು ಬಂತು. ಎಡಗಡೆ ಕತ್ತಲು, ನಡುವೆ ಬೆಳಕಿನಲ್ಲಿ ರೋರಿ.

"ಅಬ್ಬಾ!" ಎಂದ ಅವನು. "ಇದು ನೋಡು! ಕಣ್ಣು ಸೀದಾ ನನ್ನ ಮೇಲೇ ಬರುತ್ತೆ. ಆ ಕ್ಯಾಮೆರಾದವನು ಇದನ್ನೇ ಮಾಡ್ಬೇಕು ಅಂತಿದ್ದ ಕಣಯ್ಯ, ಪಾಪ."

ಕ್ಯಾಮೆರಾದವನು ಹಾಗೇನೂ ಅಂದಿರಲಾರ. ನಾನು ತಲೆಯಾಡಿಸಿದೆ. ಆಮೇಲೆ ಬಾಯಿ ಸುಮ್ಮನಿರಲಿಲ್ಲ. "ಆ ಡ್ಯಾನ್ಸ್ ಹುಡುಗೀರು ಯಾರಾದ್ರೂ ನೆನಪಿದಾರಾ?"

"ಹನ್ನೆರಡು ಜನ ಇದ್ರಲ್ಲ. ಒಬ್ಳು ಜೋರಾಗಿ ನಗೋಳು. ಹೆಸರು ಡೆಬೋರಾನೋ ಏನೋ. ಬೆರಳು ಕುಣಿಸಿ ನಗಿಸ್ತಿದ್ದೆ ಅವರನ್ನ. ಎಲ್ಲಾ ಸಿನಿಮಾದಲ್ಲೂ ಮಾಡ್ತಿದ್ದೆ ಅದನ್ನ, ಹುಡುಗೀರಿಗೆ ಇಷ್ಟ ಆಗೋದು." ಆಕಳಿಸಿ ಸಹಿ ಹಾಕಿದ.

ನನಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಇನ್ನೊಂದು ಉರಿ ಶುರುವಾಯಿತು. ನನ್ನ ಹೆಂಡತಿ ಅವನನ್ನು ಹಾಗೆ ನೋಡಿದ್ದಾಳೆ, ಇವನಿಗೆ ಅವಳ ಹೆಸರೂ ನೆನಪಿಲ್ಲ! ಡೆಬೋರಾ ಅಂತೆ! ಕೊರಳಪಟ್ಟಿ ಹಿಡಿದು 'ಡೋರೀನ್, ಡೋರೀನ್' ಎಂದು ಮೂರು ಸಲ ಹೇಳಿಸಬೇಕೆನಿಸಿತು. ಹಾಗಾದರೆ ಆ ಕತ್ತಲನ್ನಾದರೂ ತೆಗೆದೆನೇ? ತೆಗೆಯಲಿಲ್ಲ. ಬೆರಳು ಊರಿಗೆಲ್ಲ ಕುಣಿಯಿತೆಂದು ಇಟ್ಟುಕೊಳ್ಳಿ, ಆ ನೋಟ ಊರಿಗೆಲ್ಲ ಇರಲಿಲ್ಲ.

ಡಿಸ್ಕ್ ಅಚ್ಚಿಗೆ ಹೋಗುವ ಮೊದಲು ಅಭಿಮಾನಿಗಳಿಗೆ ಒಂದು ಪ್ರದರ್ಶನ ಇಡೋಣವೆಂದಳು ಟ್ರೂಡಿ. ಭಾನುವಾರ ಮಧ್ಯಾಹ್ನ, ಗ್ಲೆಂಡೇಲ್, ನಾನೂರು ಜನ. ಡೋರೀನ್ ಹಿಂದಿನ ದಿನವೇ ಹೋಗಿ ಕೂದಲು ಸರಿಮಾಡಿಸಿಕೊಂಡಿದ್ದಳು. ನೀಲಿ ಬ್ಲೌಸು, ಒಂದು ಕಾಲಿಗೆ ಹಳದಿ ಚೀಲ, ಇನ್ನೊಂದಕ್ಕೆ ಕೆಂಪು. ಕಾರಿನಲ್ಲಿ ಹೋಗುವಾಗ ಹಾಡು ಗುನುಗುತ್ತಿದ್ದಳು. ಹೇಳಲು ಆಗಲೂ ಸಮಯವಿತ್ತು. ಕೆಂಪು ದೀಪಕ್ಕೆ ನಿಂತಾಗಲೆಲ್ಲ ಹೇಳಬೇಕೆಂದುಕೊಂಡೆ, ಹಸಿರು ಬಂತು.

ಟ್ರೂಡಿ ವೇದಿಕೆಯ ಮೇಲೆ ನಿಂತು, ಈ ಸಿನಿಮಾದ ಹನ್ನೆರಡು ಶೀಟುಗಳಲ್ಲಿ ಒಬ್ಬರು ಇವತ್ತು ನಮ್ಮ ಜೊತೆ ಇದ್ದಾರೆ ಎಂದು ಡೋರೀನ್ ಕಡೆ ಕೈ ತೋರಿಸಿದಳು. ನಾನೂರು ಜನ ಎದ್ದು ನಿಂತು ಕೂಗಿದರು. ನನ್ನ ಹೆಂಡತಿ ಕೆಂಪಾಗಿ, ಎದ್ದು, ಹಳೆಯ ಕಾಲದಂತೆ ಮಂಡಿ ಬಗ್ಗಿಸಿ ನಮಸ್ಕರಿಸಿದಳು. ಪಕ್ಕದ ಸಾಲಿನ ಗಡ್ಡದವನೊಬ್ಬ, "ಅಮ್ಮಾ, ಯಾವ ಸೀನಲ್ಲಿ ಕಾಣ್ತೀರಾ?" ಎಂದ. "ಕೊನೇ ಹಾಡು, ಎಡಗಡೆ ತುದೀಲಿ ನೋಡ್ತಿರಿ" ಎಂದಳು. ಅವನು ಹಿಂದಿನವನಿಗೆ ಹೇಳಿದ, ಹಿಂದಿನವನು ಅವನ ಹಿಂದಿನವನಿಗೆ. ಒಂದು ಗಂಟೆ ನಲವತ್ತು ನಿಮಿಷ ನಾನು ಆ ಸೀಟಿನಲ್ಲಿ ಹೇಗೆ ಕೂತಿದ್ದೆನೋ ದೇವರಿಗೇ ಗೊತ್ತು.

ಗಾಳಿ ಬೀಸಿತು. ಶೀಟುಗಳು ಹಾರಿದವು. ಚೀಲ ಎಸೆಯುವವರೂ ಎಸೆಯದೆ, ನಾನೂರು ತಲೆ ಎಡಕ್ಕೆ ತಿರುಗಿದವು. ಅಲ್ಲಿ ಏನೂ ಇರಲಿಲ್ಲ. ಒಂಬತ್ತು ಸೆಕೆಂಡು ಅಷ್ಟು ಉದ್ದವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಯಾರೋ ಒಬ್ಬ ಚೀಲ ಎಸೆದ, ಎಲ್ಲರೂ ಎಸೆದರು, ದೀಪ ಹತ್ತಿತು. ಗಡ್ಡದವನು ಡೋರೀನ್ ಮುಖ ನೋಡದೆ ತನ್ನ ಕೋಟು ಹುಡುಕತೊಡಗಿದ.

ಅವಳು ನನಗಿಂತ ಮುಂದೆ ನಡೆದು ಕಾರಿನ ಹತ್ತಿರ ಹೋದಳು. ಬಿಸಿಲಿಗೆ ಕಾರು ಕಾದಿತ್ತು. ಬಾಗಿಲು ತೆಗೆದಳು, ಒಳಗೆ ಕೂರಲಿಲ್ಲ.

"ನೀನೇ ಮಾಡಿದ್ದಲ್ವಾ?"

"ಪ್ರಿಂಟಲ್ಲಿ ಹಂಗೇ..."

"ಸುಳ್ಳು ಹೇಳ್ಬೇಡ ಗಸ್. ಮೂವತ್ತೆಂಟು ವರ್ಷದಿಂದ ನಿನ್ನ ಕೈಕೆಲಸ ನೋಡ್ತಿದೀನಿ. ನಿನ್ ತಂಗಿ ಡೈವೋರ್ಸ್ ಆದಾಗ ಅವಳ ಮದುವೆ ಫೋಟೋದಲ್ಲಿ ಅವಳ ಗಂಡನ್ನ ಹಿಂಗೇ ಕತ್ತಲಿಗೆ ತಳ್ಳಿದ್ದೆ. ಅಂಚು ಇದೇ ಥರ ಮೆತ್ತಗಿತ್ತು."

ನಾನು ಮೇಲೆ ಬಿದ್ದೆ. ತಪ್ಪು ಮಾಡಿದವನು ಮಾಡುವುದೇ ಅದನ್ನು ತಾನೆ. "ಆ ಬೆರಳು ಏನು? ಎರಡು ಬೆರಳು? ಅದು ನಮ್ದು ಅಂದ್ಕೊಂಡಿದ್ದೆ ನಾನು! ಅವನು ಕುಣಿಸ್ತಾನೆ, ನೀನು ಅವನನ್ನ ಹೆಂಗೆ ನೋಡ್ತೀಯ ಗೊತ್ತಾ? ಪೂರ್ತಿ ಕಾಣುತ್ತೆ, ಒಂದೊಂದು ಫ್ರೇಮಲ್ಲೂ ಕಾಣುತ್ತೆ!"

ಅವಳು ಕಾರಿನ ಬಾಗಿಲ ಮೇಲೆ ಕೈಯಿಟ್ಟಳು. "ಹೂಂ. ಇಷ್ಟಪಟ್ಟಿದ್ದೆ ಅವನನ್ನ. ಹನ್ನೊಂದು ವಾರ ಶೂಟಿಂಗ್, ಹನ್ನೊಂದು ವಾರವೂ ಹುಚ್ಚು ಹಿಡಿದಿತ್ತು. ಅವನಿಗೆ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ. ಮುಗೀತು, ಮನೆಗೆ ಬಂದೆ. ಬೆರಳು ಚೆನ್ನಾಗಿತ್ತು, ಎತ್ಕೊಂಡು ಬಂದೆ. ಅವನು ಅದನ್ನ ಒಂಬತ್ತು ಸೆಕೆಂಡು ಮಾಡಿದ, ನಿನ್ನ ಜೊತೆ ನಾನು ಮೂವತ್ತೆಂಟು ವರ್ಷ ಮಾಡಿದೀನಿ. ಯಾರ್ದು ಅದು, ನೀನೇ ಲೆಕ್ಕ ಹಾಕು."

ನಾನು ಕೈಯಲ್ಲಿದ್ದ ಕೀಲಿಯನ್ನು ಜೇಬಿಗೆ ಹಾಕಿದೆ.

"ಟೇಪಲ್ಲಿ ನನ್ನನ್ನ ಕತ್ತರಿಸಿದವನಿಗೆ ನಾನು ಯಾರು ಅಂತ ಗೊತ್ತಿರ್ಲಿಲ್ಲ" ಎಂದಳು. "ನಿನಗೆ ಗೊತ್ತಿತ್ತು."

ಆಗ ಅವಳು ಅತ್ತಳು. ಮದುವೆಯಾದಾಗಿನಿಂದ ನಾವು ಬೇಕಾದಷ್ಟು ಜಗಳವಾಡಿದ್ದೇವೆ, ಕೂಗಾಡುತ್ತೇವೆ, ತಟ್ಟೆ ಕುಕ್ಕುತ್ತೇವೆ. ಅವಳು ಸದ್ದಿಲ್ಲದೆ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸೋಮವಾರ ಟ್ರೂಡಿಯ ಮುಂದೆ ನಿಂತು ಎಲ್ಲ ಹೇಳಿದೆ. ಬುಧವಾರ ಅಚ್ಚಿಗೆ ಹೋಗಬೇಕಿತ್ತು. ಅವಳು ಕೈಯಲ್ಲಿದ್ದ ಕಾಫಿ ಕೆಳಗಿಟ್ಟಳು.

"ಗಸ್, ನಿಮಗೆ ನಮ್ಮಪ್ಪನ ವಯಸ್ಸು. ಹೊಟ್ಟೆಕಿಚ್ಚಿಗೆ ನೆಗೆಟಿವ್ ಮೇಲೆ ಕತ್ತಲು ಸುರಿದಿರಾ? ಇದ್ದದ್ದನ್ನ ತೆಗೀಬಾರದು ಅಂತ ನನಗೆ ಪಾಠ ಹೇಳಿದೋರು ನೀವೇ ಅಲ್ವಾ?"

"ಹೌದು."

"ನಾನು ಚಿಕ್ಕವಳಿದ್ದಾಗಿಂದ ಟೇಪಿನ ಆ ಕಡೆ ಏನಿದೆ, ಈ ಕಡೆ ಏನಿದೆ ಅಂತ ಸಾಯ್ತಿದ್ದೆ. ಈಗ ಸಿಕ್ತು ಅಂದ್ರೆ..." ಅವಳು ಕಣ್ಣೊರೆಸಿಕೊಂಡು, "ರೋರಿ ಸಹಿ ಆಗೋಗಿದೆ. ಬದಲಾಯಿಸ್ಬೇಕಂದ್ರೆ ಅವರೇ ಮತ್ತೆ ಒಪ್ಪಬೇಕು. ನಾನು ಕೇಳಲ್ಲ. ನೀವೇ ಕೇಳಿ" ಎಂದು ಫೋನನ್ನು ನನ್ನ ಕಡೆ ತಳ್ಳಿದಳು.

ರೋರಿ ಎತ್ತಿದ. ಎಡಗಡೆ ಸ್ವಲ್ಪ ಬೆಳಕು ಬೇಕಾಗಿದೆ ಎಂದೆ.

"ಯಾಕಯ್ಯಾ? ಚೆನ್ನಾಗಿದೆಯಲ್ಲ. ಎಲ್ಲರ ಕಣ್ಣು ನನ್ನ ಮೇಲಿರುತ್ತೆ."

"ಮೂಲದಲ್ಲಿ ಬೆಳಕಿತ್ತು. ಕತ್ತಲು ನಾನು ಹಾಕಿದ್ದು."

"ಒಳ್ಳೇದೇ ಮಾಡಿದೀಯ. ಬಿಡು ಅದನ್ನ." ಫೋನ್ ಇಡುವುದರಲ್ಲಿದ್ದ.

"ಆ ತುದೀಲಿರೋದು ನನ್ನ ಹೆಂಡತಿ" ಎಂದೆ. "ಡೆಬೋರಾ ಅಲ್ಲ, ಡೋರೀನ್. ಜೋರಾಗಿ ನಗೋಳು."

"ಓ! ಹಂಗಾ? ಸರಿ. ಆದ್ರೂ ಒಬ್ಬ ಡ್ಯಾನ್ಸರ್‌ಗೋಸ್ಕರ..."

ನನಗೆ ಆಗ ಗೊತ್ತಾಯಿತು, ಈ ಮನುಷ್ಯನನ್ನು ಕರಗಿಸುವುದು ಒಂದೇ ಒಂದು ವಸ್ತು. ಅದು ನನ್ನ ಬಳಿ ಇತ್ತು. ಅವಳು ಯಾರಿಗೂ ಕೊಡದೆ ಇಟ್ಟುಕೊಂಡಿದ್ದನ್ನು ನಾನು, ಅವಳ ಗಂಡ, ಅವನ ಕೈಗೆ ಕೊಡಬೇಕಿತ್ತು. ಟ್ರೂಡಿ ನನ್ನನ್ನೇ ನೋಡುತ್ತಿದ್ದಳು.

"ಆ ಕತ್ತಲಲ್ಲಿ ಅವಳು ನಿಮ್ಮನ್ನ ನೋಡ್ತಿದಾಳೆ" ಎಂದೆ. "ನಿಮ್ಮನ್ನ ಇಷ್ಟಪಟ್ಟಿದ್ಲು. ಹನ್ನೊಂದು ವಾರ. ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ."

ಆ ಕಡೆಯಿಂದ ಬಂದ ದನಿ ಸ್ಟಾರಿನದ್ದಾಗಿರಲಿಲ್ಲ, ಒಂಟಿ ಮುದುಕನದ್ದು. "ನಿಜವಾಗ್ಲೂ? ನನ್ನನ್ನಾ?"

"ನಿಜ."

"ಯಾರೂ ಹೇಳ್ಲೇ ಇಲ್ವಲ್ಲಪ್ಪಾ ನನಗೆ." ಮೂಗೆಳೆದುಕೊಂಡ. "ಹಾಕು, ಬೆಳಕು ಹಾಕು. ಚೆನ್ನಾಗಿ ಕಾಣ್ಲಿ."

ಫೋನ್ ಇಟ್ಟಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಟ್ರೂಡಿ ತನ್ನ ಕಾಫಿಯನ್ನು ನನ್ನ ಮುಂದಿಟ್ಟು ಹೋದಳು.

ಒಂಬತ್ತು ಸೆಕೆಂಡೆಂದರೆ, ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರದಂತೆ, ಇನ್ನೂರ ಹದಿನಾರು ಫ್ರೇಮು. ಧೂಳು ತೆಗೆಯುವ, ಗೀರು ಅಳಿಸುವ ಕೆಲಸ ಕೆಳಗಿನ ಮಹಡಿಯವರದ್ದು. ಇದನ್ನು ಅವರಿಗೆ ಕೊಡಲಿಲ್ಲ. ಎರಡು ದಿನ ಕೂತು ಒಂದೊಂದೇ ಫ್ರೇಮನ್ನು ಕೈಯಲ್ಲೇ ಮಾಡಿದೆ. ಕೆನ್ನೆಯ ಮೇಲಿನ ಬೂಷ್ಟು ತೆಗೆದೆ. ಬೆವರನ್ನು ಮುಟ್ಟಲಿಲ್ಲ, ಅದು ಅವಳದ್ದು. ಚರ್ಮದ ಬಣ್ಣಕ್ಕೆ ಯಾವ ಪ್ರಿಂಟನ್ನೂ ನೋಡುವ ಅಗತ್ಯ ಬೀಳಲಿಲ್ಲ. ಕಣ್ಣಿನ ಬೆಳಕು ಮಾತ್ರ ಸರಿಯಾಗಿ ಬರುತ್ತಿರಲಿಲ್ಲ. ಅದು ಸರಿಯಾಗಬೇಕಾದರೆ ಅವಳು ಎಲ್ಲಿ ನೋಡುತ್ತಿದ್ದಾಳೆಂಬುದನ್ನು ಒಪ್ಪಿಕೊಂಡು ಕೆಲಸ ಮಾಡಬೇಕಿತ್ತು. ಒಪ್ಪಿಕೊಂಡೆ. ನನ್ನ ಹೆಂಡತಿ ಇನ್ನೊಬ್ಬನನ್ನು ಪ್ರೀತಿಸಿದ್ದನ್ನು ಇಷ್ಟು ನಿಖರವಾಗಿ ಹೊಳೆಯುವಂತೆ ಮಾಡಿದ ಗಂಡ ಈ ರಾಜ್ಯದಲ್ಲಿ ಇನ್ನೊಬ್ಬ ಇರಲಾರ. ಕಾರಣದ ಜಾಗದಲ್ಲಿ ಹಳೆಯದನ್ನು ಹೊಡೆದುಹಾಕಿ, 'ಮೂಲದಲ್ಲಿ ಇದ್ದಂತೆ' ಎಂದು ಬರೆದೆ.

ಅಕ್ಟೋಬರಿನಲ್ಲಿ ಡಿಸ್ಕ್ ಮನೆಗೆ ಬಂತು. ಅಷ್ಟು ದಿನ ಡೋರೀನ್ ನನ್ನೊಡನೆ ಬೇಕಾದಷ್ಟೇ ಮಾತು ಇಟ್ಟುಕೊಂಡಿದ್ದಳು. ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೇ. ಊಟವಾದ ಮೇಲೆ ಸೋಫಾದ ಇನ್ನೊಂದು ತುದಿಯಲ್ಲಿ ಕೂತಳು. ನಾನು ಹಾಕಿದೆ. ಗಾಳಿ ಬೀಸಿತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮುಗಿಯುವ ಹೊತ್ತಿಗೆ ನಾನು ಅವಳ ಮುಖದ ಮೇಲೆ ಚಿತ್ರವನ್ನು ನಿಲ್ಲಿಸಿದೆ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

ರೋರಿ. ಅವನಿಗೂ ಡಿಸ್ಕ್ ಹೋಗಿತ್ತು. "ಡೋರೀನ್ ಇದಾರಾ?" ಎಂದ. ಹೆಸರು ಸರಿಯಾಗಿ ಹೇಳಿದ.

ನಾನು ಫೋನನ್ನು ಚಾಚಿದೆ. ಯಾರೆಂದು ಹೇಳಿದಾಗ ಅವಳ ಹುಬ್ಬು ಮೇಲೇರಿತು. "ನೀನು ಅವನಿಗೆ ಹೇಳ್ದಾ?"

"ಹೇಳ್ದೆ. ಇಲ್ಲಾಂದ್ರೆ ಅವನು ಒಪ್ತಿರ್ಲಿಲ್ಲ."

"ನಲವತ್ತೊಂದು ವರ್ಷ ಬಾಯಿ ಬಿಟ್ಟಿರ್ಲಿಲ್ಲ ನಾನು. ನೀನು ಒಂದೇ ಬೆಳಿಗ್ಗೆಗೆ ಡಂಗುರ ಸಾರಿಬಿಟ್ಯಲ್ಲೋ!" ಎಂದು ಫೋನ್ ಕಿತ್ತುಕೊಂಡು ಅಡುಗೆಮನೆಗೆ ಹೋದಳು.

ಇಪ್ಪತ್ತು ನಿಮಿಷ. ಅವಳು ನಗುತ್ತಿದ್ದದ್ದು ಕೇಳುತ್ತಿತ್ತು. ಎದುರಿಗೆ ಪರದೆಯ ಮೇಲೆ ಅವಳ ಆ ನೋಟ, ನಾನೇ ತೊಳೆದು ಬೆಳಗಿದ್ದು. ಒಳಗೆ ಅವಳ ನಗು, ಅದಕ್ಕೂ ದಾರಿ ಮಾಡಿಕೊಟ್ಟವನು ನಾನೇ. ಹೊಟ್ಟೆ ಉರಿಯಿತು ಎಂದರೆ ಕಡಿಮೆಯಾಯಿತು. ಎದ್ದು ಹೋಗಿ ಫೋನಿನ ತಂತಿ ಕೀಳಬೇಕೆನಿಸಿತು, ಈಗಿನ ಫೋನಿಗೆ ತಂತಿಯೂ ಇಲ್ಲ.

ಅವಳು ಬಂದಳು. "ದೇವರೇ, ಎಂಥಾ ಕೊರೆತ! ಮೊದಲ ಎರಡು ನಿಮಿಷ ನನ್ನ ವಿಷಯ. ಉಳಿದದ್ದೆಲ್ಲ ಅವನ ಸೊಂಟದ ಆಪರೇಷನ್ನು."

"ನಗ್ತಿದ್ದೆ ನೀನು."

"ನಗದೆ ಏನ್ ಮಾಡ್ಲಿ? ಇವನಿಗೋಸ್ಕರ ಹನ್ನೊಂದು ವಾರ ಊಟ ಬಿಟ್ಟಿದ್ನಲ್ಲಾ ಅಂತ ನಗು ಬಂತು." ಸೋಫಾದಲ್ಲಿ ಕೂತಳು, ಈ ಸಲ ನನ್ನ ಪಕ್ಕದಲ್ಲೇ.

ಅಬ್ಬ, ಗೆದ್ದೆ ಎಂದುಕೊಂಡೆ. ರೋರಿಯ ಕಥೆ ಮುಗಿಯಿತು, ಇನ್ನು ನೆಮ್ಮದಿಯಾಗಿ ಉಸಿರಾಡಬಹುದು ಎಂದುಕೊಂಡು ಅವಳ ಕಡೆ ತಿರುಗಿದೆ. ಅವಳು ಪರದೆ ನೋಡುತ್ತಿದ್ದಳು. ಕಣ್ಣು ತುಂಬಿತ್ತು, ತುಟಿ ಸ್ವಲ್ಪ ತೆರೆದಿತ್ತು. ಇನ್ನೂರ ಹದಿನಾರು ಫ್ರೇಮು ತಿದ್ದಿದವನಿಗೆ ಆ ನೋಟದ ಗುರುತು ಸಿಗದೇ ಇರುತ್ತದೆಯೇ. ಅದೇ ನೋಟ. ಆದರೆ ಅವಳು ನೋಡುತ್ತಿದ್ದದ್ದು ಮಧ್ಯದಲ್ಲಿ ನಿಂತ ರೋರಿಯನ್ನಲ್ಲ, ನನ್ನನ್ನಂತೂ ಅಲ್ಲವೇ ಅಲ್ಲ. ಎಡಗಡೆ ತುದಿಯಲ್ಲಿ ನಿಂತ, ಇಪ್ಪತ್ತೊಂದು ವರ್ಷದ, ಮಂಡಿ ಗಟ್ಟಿಯಿದ್ದ ಆ ಹುಡುಗಿಯನ್ನು.

ನಾನು ಬೆಚ್ಚಿದೆ. ಹಲ್ಲಿನ ಡಾಕ್ಟರನ್ನು ಬದಲಾಯಿಸಬಹುದು, ರೋರಿಯನ್ನು ಕತ್ತಲಿಗೆ ತಳ್ಳಬಹುದು. ಇವಳನ್ನು ಏನು ಮಾಡಲಿ? ಈ ಹುಡುಗಿಯನ್ನು ನನ್ನ ಹೆಂಡತಿ ನಲವತ್ತೊಂದು ವರ್ಷ ಪ್ರೀತಿಸಿದ್ದಾಳೆ, ನಾನು ಪಕ್ಕದಲ್ಲೇ ಇದ್ದು ಒಂದು ದಿನವೂ ಕಂಡಿರಲಿಲ್ಲ.

"ಇನ್ನೊಂದ್ಸಲ ಹಾಕು ಗಸ್" ಎಂದಳು, ಕಣ್ಣು ತೆಗೆಯದೆ.

ಹಾಕಿದೆ.